ಏಕಾದಶಿ ಬಿಟ್ಟ ನಾಯಿ

ನಮ್ಮ ನಾಯಿ ಏಕಾದಶಿ ಮಾಡುತ್ತಿತ್ತು. ತೊಂಬತ್ತರ ದಶಕ, ನಾಗಪುರದ ಬಜಾಜ್ ನಗರದ ಮನೆ. ಅಲ್ಲಿ ಧಾರವಾಡದ ನನ್ನ ಅಜ್ಜಿಯ ಮಾತೇ ಕಾಯ್ದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹೊಸ್ತಿಲು ದಾಟುತ್ತಿರಲಿಲ್ಲ. ಮಂದಿ ಉಂಡದ್ದೇ ನಾಯಿಗೂ: ಹಾಲನ್ನ, ಮೊಸರನ್ನ, ಏಕಾದಶಿಗೆ ಮೆಣಸಿನಕಾಯಿ ಆರಿಸಿ ತೆಗೆದ ಸಾಬುದಾಣಿ ಖಿಚಡಿ. ಪಾಪ, ಅದೂ ಬಾಲ ಅಲ್ಲಾಡಿಸುತ್ತಲೇ ತಿನ್ನುತ್ತಿತ್ತು.

ಪಕ್ಕದ ವಾಯುಪಡೆಯ ಕುಟುಂಬ ವರ್ಗವಾಗಿ ಹೋಗುವಾಗ ನನ್ನ ಮಡಿಲಿಗೆ ಹಾಕಿಹೋದ ಮರಿ ಅದು. ಬೆಳೆಯುತ್ತಾ ಅದರ ಮುಂಗಾಲು ಬಿಲ್ಲಿನಂತೆ ಬಾಗಿದವು. ದನದ ಡಾಕ್ಟರು ಮುಟ್ಟಿ ನೋಡಿ, "ಹಡ್ಡಿ ಕಚ್ಚಿ ಹೈ", ಎಲುಬು ಇನ್ನೂ ಮೆತ್ತಗಿದೆ ಎಂದರು. ಬರೀ ಹಾಲನ್ನದಿಂದ ಎಲುಬು ಬಲಿಯುವುದಿಲ್ಲ. ಬೇಯಿಸಿದ ತತ್ತಿ, ಆಗಾಗ ತುಸುವೇ ಕಲೇಜಿ ಎಂಬ ಕುರಿಯ ಲಿವರ್, ಬೇಳೆ, ಕಾಯಿಪಲ್ಲೆ, ಸುಣ್ಣದಂಶಕ್ಕೆ ತತ್ತಿಯ ಸಿಪ್ಪೆಯ ಪುಡಿ, ಎಲ್ಲ ಅಳತೆಯಲ್ಲಿ ಬೇಕು. ಈಗ ತಿದ್ದದಿದ್ದರೆ ಮುಂದೆ ಇದು ಎದ್ದು ನಿಲ್ಲಲಾರದು ಎಂದರು. ಉಳ್ಳಾಗಡ್ಡಿ, ಬಳ್ಳೊಳ್ಳಿ ಮಾತ್ರ ಹಾಕಲೇಬೇಡಿ, ನಾಯಿಗೆ ಅವು ವಿಷ ಎಂದೂ ಸೇರಿಸಿದರು.

ಮನೆಯಲ್ಲಿ ಇದನ್ನೆಲ್ಲ ಹೇಳಿದೆ. ಅಜ್ಜಿಯ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

"ನಾ ಹೇಳ್ತಿದ್ದಿಲ್ಲೇನು? ಡಾಕ್ಟರಗೂ ಈಗ ತಿಳೀತು."

"ತತ್ತಿ, ಅಜ್ಜಿ?"

"ನನ್ನ ಮನಿಯೊಳಗ ಬರೂದಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಹಂಗಾರ ಅದು ತೆವಳಕೋತ ಇರಲಿ, ನೀ ಮಡಿ ಮಾಡಕೋತ ಇರು" ಎಂದು ಹಿತ್ತಲಿಗೆ ಹೋಗಿ ಅತ್ತೆ. ನಾಯಿ ಎದ್ದು ಬರಲು ನೋಡಿ, ಕಾಲು ಜಾರಿ ಅಲ್ಲೇ ಕುಸಿಯಿತು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು.

ಮರುದಿನ ಪೇರಲ ಗಿಡದ ಬುಡದಲ್ಲಿ ಹಳೆಯ ಸೀಮೆಎಣ್ಣೆ ಸ್ಟೋವ್ ಕೂತಿತ್ತು. ಪಕ್ಕದಲ್ಲಿ ನೆಗ್ಗಿದ ಪಾತ್ರೆ, ಕುಟ್ಟಾಣಿ. "ಹಿತ್ತಲದಾಗ ಏನರೆ ಬೇಯಿಸ್ಕೋ. ಒಳಗ ತರಬ್ಯಾಡ" ಎಂದಳು. ನಾನು ತತ್ತಿ ಒಡೆಸಿಕೊಂಡೆ, ಅನ್ನ ಸೀಯಿಸಿದೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರದಿಂದಲೇ ಹುಕುಂ ಬಿಡುತ್ತಿದ್ದ ಅಜ್ಜಿಗೆ ಕೆಟ್ಟ ಅಡುಗೆ ನೋಡಿ ಸುಮ್ಮನಿರಲು ಬರುತ್ತಿರಲಿಲ್ಲ. "ಸರಿ ಅತ್ಲಾಗ" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ ಸ್ಟೋವಿನ ಮುಂದೆ ತಾನೇ ಕೂತಳು. ಕಲೇಜಿ ಬೇಯಿಸುವುದು ಮಾತ್ರ ನನ್ನ ಪಾಲಿಗೆ ಉಳಿಯಿತು. ಬೇಳೆ, ಅನ್ನ, ಗಜ್ಜರಿ, ಕುಂಬಳಕಾಯಿ ಹದವಾಗಿ ಕುದಿಸಿ, ತತ್ತಿ ಕಿವುಚಿ, ಸಿಪ್ಪೆಯನ್ನು ಹಿಟ್ಟಿನಷ್ಟು ನುಣ್ಣಗೆ ಕುಟ್ಟಿ ಚಿಟಿಕೆ ಉದುರಿಸುವಳು. ಆಮೇಲೆ ತಲೆಯ ಮೇಲೆ ನೀರು ಸುರಿದುಕೊಂಡೇ ದೇವರ ಮುಂದೆ ಹೋಗುವಳು. ಏಕಾದಶಿಯಂದೂ ಸ್ಟೋವ್ ಹೊತ್ತಿತು. ನಾನು ನಕ್ಕರೆ, "ಉಪಾಸ ನಂದು, ಅದರದಲ್ಲ" ಎಂದಳು.

ಚಳಿಗಾಲ ಮುಗಿಯುವಷ್ಟರಲ್ಲಿ ನಾಯಿ ಓಡತೊಡಗಿತ್ತು. ಒಂದು ಬೆಳಿಗ್ಗೆ ಅಜ್ಜಿ ಮಡಿಯುಟ್ಟು ತುಳಸಿಗೆ ನೀರು ಹಾಕುತ್ತಿದ್ದಳು. ಅದು ಅಂಗಳದ ಆ ತುದಿಯಿಂದ ನೆಗೆದು ಬಂದು ಹಿಂಗಾಲ ಮೇಲೆ ನಿಂತು, ಮುಂಗಾಲೆರಡನ್ನೂ ಅವಳ ಎದೆಗಿಟ್ಟಿತು. ಮಡಿ ಕೆಟ್ಟಿತೆಂದು ನಾನು ಅದನ್ನು ಹಿಂದಕ್ಕೆಳೆಯಲು ಓಡಿದೆ. ಅಜ್ಜಿ ತಂಬಿಗೆ ಕೆಳಗಿಟ್ಟು ಆ ಕಾಲುಗಳನ್ನು ಹಿಡಿದು, ಮೇಲಿನಿಂದ ಕೆಳಗೆ ಸವರಿ ನೋಡಿದಳು. ನೆಟ್ಟಗಿದ್ದವು.

"ಬರ್ರಿ, ನೋಡ್ ಬರ್ರಿ ಎಲ್ಲಾರೂ" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದಳು. ನನಗೆ ಎಂಥ ಹೆಮ್ಮೆ. ಮೈಲಿಗೆಯಾಗಿದೆ, ಮತ್ತೆ ಸ್ನಾನ ಮಾಡಬೇಕೆಂದು ಅಮ್ಮ ನೆನಪಿಸಿದರೂ ಅಜ್ಜಿ ಆ ಕಾಲುಗಳನ್ನು ಬಿಡಲಿಲ್ಲ.