ನಮ್ಮ ನಾಯಿಗೆ ತಮಿಳು ಬರುವುದಿಲ್ಲ

ನಮ್ಮ ಮನೆಯ ನಾಯಿಗೆ ಎಷ್ಟು ಕಥೆ ಗೊತ್ತಿದೆ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಬಾಲ ಕಳೆದುಕೊಂಡ ನರಿಯ ಕಥೆ, ಏಳು ಜನ ಅಣ್ಣಂದಿರ ಒಬ್ಬಳೇ ತಂಗಿಯ ಕಥೆ, ದಡ್ಡ ಅಳಿಯ ಅತ್ತೆಮನೆಗೆ ಹೋದ ಕಥೆ, ಎಲ್ಲವನ್ನೂ ಅದು ಕೇಳಿದೆ. ಹೇಳಿದವನು ನಾನು. ನಮ್ಮ ಕೊಂಬೈ ಊರಿನ ಕೆಂಚು ನಾಯಿ, ಕರಿ ಮೂತಿಯದು. ಕಾವಲಿಗೆ, ಬೇಟೆಗೆ ಹೆಸರಾದ ಜಾತಿ. ಕಥೆ ಕೇಳುವ ಜಾತಿ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ನಾನು ಯಾಕೆ ಅದಕ್ಕೆ ಕಥೆ ಹೇಳಬೇಕಾಯಿತು ಎನ್ನುವುದನ್ನು ಬೀದಿಯವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಈಗ ನನ್ನನ್ನು ಕಂಡರೆ ಅವರು ಆ ಕಡೆಯ ಓಣಿಗೆ ತಿರುಗುತ್ತಾರೆ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಾವು ತಮಿಳುನಾಡಿನ ಕಂಬಂ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯುವವರು. ನಮ್ಮ ಹಿರಿಯರು ಯಾವ ಕಾಲದಲ್ಲಿ ಕನ್ನಡ ಸೀಮೆಯಿಂದ ಇಳಿದು ಬಂದರೋ, ನನ್ನ ತಾತನಿಗೂ ಗೊತ್ತಿರಲಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎರಡೂ ನಮ್ಮವೇ. ಆದರೆ ನಮ್ಮ ಕನ್ನಡಕ್ಕೆ ಅಕ್ಷರವಿಲ್ಲ, ಬಾಯಿ ಮಾತ್ರ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ತಮಿಳಿನಲ್ಲಿ. ಇದನ್ನು ನಾನು ಹೇಳುತ್ತ ಹೋದೆ, ಕನ್ನಡ ಅಕ್ಷರ ಬಲ್ಲ ನೆಂಟರೊಬ್ಬರು ಬರೆದುಕೊಂಡು ನೆಟ್ಟಗೆ ಮಾಡಿದ್ದಾರೆ. ಸಂತೋಷ ಮಾತ್ರ ನನ್ನದು. ಅದನ್ನು ತಿದ್ದಲು ನಾನು ಬಿಡಲಿಲ್ಲ.

ನನ್ನ ಮಗನಿಗೆ ಒಬ್ಬಳೇ ಮಗಳು. ಬಾಯಿ ತೆರೆದರೆ ಮುಚ್ಚದ ಹುಡುಗಿ. ಎರಡನೇ ಕ್ಲಾಸಿಗೆ ಬಂದಾಗ ಪುಸ್ತಕ ಹಿಡಿದು ಗಡಗಡ ಓದುತ್ತಿದ್ದಳು, ನಾವೆಲ್ಲ ಸುತ್ತ ಕೂತು ಹಿಗ್ಗುತ್ತಿದ್ದೆವು. ಒಂದು ಸಂಜೆ ಸೊಸೆ ಬಗ್ಗಿ ನೋಡಿದಳು. ಹುಡುಗಿ ಓದುತ್ತಿದ್ದದ್ದು ಆನೆಯ ಪಾಠ. ತೆರೆದಿದ್ದ ಪುಟದಲ್ಲಿ ಇದ್ದದ್ದು ತೆಂಗಿನಮರ. ಟೀಚರ್ ಓದಿದ್ದನ್ನು ಕಿವಿಯಲ್ಲಿ ತುಂಬಿಕೊಂಡು ಬಂದು ನಮಗೆ ಒಪ್ಪಿಸುತ್ತಿದ್ದಳು, ಅಷ್ಟೇ. ಹೊಸ ಸಾಲೊಂದನ್ನು ತೋರಿಸಿದರೆ ಮೊದಲ ಅಕ್ಷರ ಹಿಡಿದು, ಉಳಿದದ್ದನ್ನು ಊಹಿಸಿ, ಏನೋ ಒಂದು ಹೇಳಿ ಮುಂದಕ್ಕೆ ಹಾರುತ್ತಿದ್ದಳು.

"ಕಣ್ಣು ಕಾಣ್ತದಾ ಇಲ್ವಾ ಅಮ್ಮಾಡಿ?" ಅಂದೆ.

"ಕಾಣ್ತದೆ ತಾತ. ಒಂದನ್ನ ನೋಡಾಕೆ ಹೋದ್ರೆ ಪಕ್ಕದವೂ ನಾನು ನಾನು ಅಂತ ಮುಂದಕ್ಕೆ ಬತ್ತವೆ."

ಕಣ್ಣಿನದೇ ತೊಂದರೆ ಎಂದು ನಾವು ತೀರ್ಮಾನಿಸಿಬಿಟ್ಟೆವು. ನನ್ನ ಹೆಂಡತಿ ಹೊನ್ನಗೊನೆ ಸೊಪ್ಪಿನ ಮೇಲೆ ಬಿದ್ದಳು. ಕಣ್ಣಿಗೆ ಒಳ್ಳೆಯದು ಎಂದು ಸಾರಿಗೆ ಅದೇ, ಪಲ್ಯಕ್ಕೆ ಅದೇ, ಕೊನೆಗೆ ದೋಸೆಯೂ ಹಸಿರಾಯಿತು. ನನ್ನ ಮಗ, "ಅವ್ವ, ಓದಬೇಕಾದದ್ದು ಅವಳು. ನನಗ್ಯಾಕೆ ಈ ಮೇವು?" ಎಂದು ತಟ್ಟೆ ಬಿಟ್ಟು ಎದ್ದ. ಆಮೇಲೆ ತೇನಿಯ ಕಣ್ಣಾಸ್ಪತ್ರೆಗೆ ಹೋದೆವು. ಗೋಡೆಯ ಮೇಲಿನ ಗುರುತುಗಳನ್ನು ತೋರಿಸಿ, ಬಾಯಿ ಯಾವ ಕಡೆ ತೆರೆದಿದೆ ಎಂದು ಕೇಳುತ್ತಾರಲ್ಲ, ನಮ್ಮ ಹುಡುಗಿ ಕಟ್ಟಕಡೆಯ ಸಣ್ಣ ಸಾಲಿನವರೆಗೂ ಪಟಪಟ ಕೈ ತೋರಿಸಿದಳು. ಹಿಂದೆ ಕೂತಿದ್ದ ನಾನು, "ಅಲ್ಲಿ ಅಷ್ಟು ಕೆಳಗೂ ಏನಾದರೂ ಬರೆದಿದೆಯಾ?" ಎಂದು ಕೇಳಿದೆ. ಡಾಕ್ಟರ್ ನನ್ನನ್ನು ತಿರುಗಿ ನೋಡಿದರು. ಮೊಮ್ಮಗಳಿಗೆ ಕನ್ನಡಕ ಮಾಡಿಸಲು ಹೋದವರು ನನಗೆ ಮಾಡಿಸಿಕೊಂಡು ಬಂದೆವು.

ಸೊಸೆ ಮಾತ್ರ ಬಸ್ಸಿನಲ್ಲಿ ನಗಲಿಲ್ಲ. "ಕಣ್ಣು ಚೆನ್ನಾಗದೆ ಅಂದ್ರೆ, ಓದಾಕೆ ಇವಳಿಗೆ ಇಷ್ಟ ಇಲ್ಲ ಅಂತಾನೇ ಅಲ್ವಾ ಮಾಮ?" ಅಂದಳು.

ಅದಕ್ಕೆ ಉತ್ತರ ಕೊಟ್ಟವರು ಕ್ಲಾಸ್ ಟೀಚರ್. ಒಳ್ಳೆಯವರೇ, ಮಗುವಿನ ಮೇಲಿನ ಅಕ್ಕರೆಯಿಂದಲೇ ಹೇಳಿದರು: ಮನೆಯಲ್ಲಿ ಒಂದು ಮಾತು, ಸ್ಕೂಲಿನಲ್ಲಿ ಇನ್ನೊಂದು ಮಾತು, ತಲೆ ಕಲಸಿಹೋಗಿದೆ, ಮನೆಯಲ್ಲೂ ತಮಿಳೇ ಆಡಿ. ನನ್ನ ಸೊಸೆ ದಿಂಡಿಗಲ್ಲಿನವಳು. ಅವಳ ತವರಿನವರೂ ನಮ್ಮ ಜನವೇ, ಆದರೆ ಪೇಟೆಯಲ್ಲಿ ಇದ್ದು ಇದ್ದು ಕನ್ನಡ ಅವರ ಮನೆಯಲ್ಲಿ ಹಬ್ಬದ ಪಾತ್ರೆಯ ಹಾಗೆ ಅಟ್ಟ ಸೇರಿದೆ. ಅವಳು ಬಂದು ಎಲ್ಲರ ಮುಂದೆ ಹೇಳಿದಳು, ಅದೂ ತಮಿಳಿನಲ್ಲಿ: ಇವತ್ತಿನಿಂದ ಮಗುವಿನ ಹತ್ತಿರ ಯಾರೂ ಕನ್ನಡ ಆಡಕೂಡದು. ಬೇಸಿಗೆ ರಜೆಯೊಳಗೆ ಓದು ಬಂದರೆ ಸರಿ. ಬರದಿದ್ದರೆ ದಿಂಡಿಗಲ್ಲಿನ ಅಜ್ಜಿ ಮನೆಯಲ್ಲಿಟ್ಟು ಅಲ್ಲೇ ಸ್ಕೂಲಿಗೆ ಸೇರಿಸುವುದು.

ಮಗ ತಲೆಯಾಡಿಸಿದ. ನಾನೂ ಆಡಿಸಿದೆ. ಮಗುವಿಗೆ ಒಳ್ಳೆಯದಾಗುತ್ತದೆ ಎಂದರೆ ಇಲ್ಲ ಎನ್ನಲು ನಾನ್ಯಾರು? ಆದರೆ ಆ ಹುಡುಗಿ ಇಲ್ಲದ ಮನೆಗೆ ತೋಟದಿಂದ ಯಾವ ಕಾಲೆಳೆದುಕೊಂಡು ಬರಲಿ?

ತಮಿಳು ನನಗೆ ಬರುವುದಿಲ್ಲ ಎಂದಲ್ಲ. ತಮಿಳಿನಲ್ಲಿ ವ್ಯಾಪಾರ ಮಾಡಬಲ್ಲೆ, ಜಗಳವಾಡಬಲ್ಲೆ, ಭಾಷಣ ಕೇಳಿ ಶಿಳ್ಳೆ ಹಾಕಬಲ್ಲೆ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನರಿಯ ಬಾಲ ಕತ್ತರಿಸುವುದು ಮಾತ್ರ ಬರುವುದಿಲ್ಲ. ಪ್ರಯತ್ನಿಸಿದೆ. "ತಾತ, ನೀನು ರೇಡಿಯೋ ನ್ಯೂಸ್ ಥರ ಹೇಳ್ತಿದ್ದೀಯ" ಎಂದು ತಮಿಳಿನಲ್ಲೇ ಹೇಳಿ ಎದ್ದುಹೋದಳು.

ಹೀಗಿರುವಾಗ ಒಂದು ಸಂಜೆ, ದ್ರಾಕ್ಷಿ ಚಪ್ಪರದ ಕೆಳಗೆ ಕೂತು ನಾಯಿಯ ಕಿವಿಯಿಂದ ಉಣ್ಣಿ ಕೀಳುತ್ತಿದ್ದೆ. ನಾಯಿಯ ಹತ್ತಿರ ನಾನು ಯಾವಾಗಲೂ ಕನ್ನಡವೇ ಆಡುವುದು. "ಅಲ್ಲಾಡಬೇಡ ಕಣೋ, ಒಂದು ಕತೆ ಹೇಳ್ತೀನಿ" ಎಂದು ನರಿಯ ಕಥೆ ಶುರು ಮಾಡಿದೆ. ಅರ್ಧ ಆಗಿತ್ತು. ಕಂಬದ ಆ ಬದಿಯಿಂದ ಸದ್ದಿಲ್ಲದೆ ಮೊಮ್ಮಗಳು ಬಂದು ನಾಯಿಯ ಇನ್ನೊಂದು ಪಕ್ಕ ಕೂತಳು. ನಾನು ಅವಳನ್ನು ನೋಡಲೇ ಇಲ್ಲ. ನಾಯಿಗೆ ಹೇಳುತ್ತ ಹೋದೆ. ಮರುದಿನ ನಾಯಿಗೆ ಏಳು ಅಣ್ಣಂದಿರ ಕಥೆ. ಅದರ ಮರುದಿನ ಅಳಿಯನ ಕಥೆ. ಕೆಲವೊಮ್ಮೆ ಹುಡುಗಿ ನಾಯಿಯ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು, "ಆಮೇಲೆ ಏನಾಯ್ತು ಅಂತ ಕೇಳು." ನಾಯಿ ಕೇಳಿತು ಎಂದುಕೊಂಡು ನಾನು ಹೇಳುತ್ತಿದ್ದೆ.

ಸೊಸೆ ಒಂದು ದಿನ ಕೊಡ ಹಿಡಿದುಕೊಂಡು ಬಂದು ನಿಂತಳು. "ಮಾಮ, ಯಾರ ತಾವ ಮಾತಾಡ್ತಾ ಇದ್ದೀರಿ?" ಸಿಟ್ಟಿನಲ್ಲಿ ಅವಳಿಗೂ ಕನ್ನಡವೇ ಬಂದುಬಿಟ್ಟಿತ್ತು.

"ನಾಯಿ ತಾವ ತಾಯೀ. ಅದಕ್ಕೆ ತಮಿಳು ಬರಾಕಿಲ್ಲ."

ಅವಳ ತುಟಿ ಒಂದು ಕಡೆ ಎದ್ದಿತು. ನಗು ಬಂದಿತ್ತು, ಬಿಡಲಿಲ್ಲ. "ನಾಯಿಗೆ ಹೇಳಿ. ನನ್ನ ಮಗಳಿಗೆ ಬೇಡ" ಎಂದು ಹೋದಳು.

ಅದೇ ದಿನಗಳಲ್ಲಿ ಸ್ಕೂಲಿಗೆ ವಿಶೇಷ ಶಿಕ್ಷಕಿ ಒಬ್ಬರು ಬಂದುಹೋದರು, ಊರೂರಿಗೆ ಹೋಗಿ ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ನೋಡುವವರು. ನಮ್ಮ ಹುಡುಗಿಯನ್ನು ತೇನಿಗೆ ಕರೆತರಲು ಹೇಳಿದರು. ಸೊಸೆ, ನಾನು, ಮಗು ಹೋದೆವು. ಹುಡುಗಿಯ ಮೂಗಿನ ಮೇಲೆ ಗುಲಾಬಿ ಬಣ್ಣದ ಗಾಜಿನ ಕನ್ನಡಕ. ಬಣ್ಣದ ಗಾಜು ಹಾಕಿದರೆ ಓದು ಬರುತ್ತದೆ ಎಂದು ಸೊಸೆ ಫೋನಿನಲ್ಲಿ ನೋಡಿದ್ದಳು. ಓದು ಬಂದಿರಲಿಲ್ಲ, ಹುಡುಗಿಗೆ ಠೀವಿ ಬಂದಿತ್ತು.

ಆ ಶಿಕ್ಷಕಿ ಬಹಳ ಹೊತ್ತು ಆಟದ ಹಾಗೆ ಏನೇನೋ ಮಾಡಿಸಿದರು. ಒಂದು ಮಾತು ಹೇಳಿ, ಅದರ ಮೊದಲ ಸದ್ದು ತೆಗೆದರೆ ಏನು ಉಳಿಯುತ್ತದೆ ಎಂದು ಕೇಳುವುದು, ಚಪ್ಪಾಳೆ ತಟ್ಟಿ ಸದ್ದು ಎಣಿಸುವುದು. ಅಲ್ಲೇ ನಮ್ಮ ಮಾತಿನ ಮಲ್ಲಿ ತಡಬಡಾಯಿಸಿದಳು. ಕೊನೆಗೆ ಅವರು ನಮ್ಮನ್ನು ಕೂರಿಸಿ ತಮಿಳಿನಲ್ಲಿ ಹೇಳಿದರು: "ಕಣ್ಣು ಚೆನ್ನಾಗಿದೆ. ಕಿವಿ ಚೆನ್ನಾಗಿದೆ. ಬುದ್ಧಿಯಂತೂ ಬೇಕಾದಷ್ಟಿದೆ. ಕೇಳಿದ ಸದ್ದನ್ನು ಬಿಡಿಬಿಡಿಯಾಗಿ ಒಡೆದು, ಯಾವ ಸದ್ದಿಗೆ ಯಾವ ಅಕ್ಷರ ಅಂತ ಜೋಡಿಸೋದು ಇವಳಿಗೆ ಕಷ್ಟ. ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ. ಸೋಮಾರಿತನ ಅಲ್ಲಮ್ಮ. ಹೇಳಿಕೊಡೋ ರೀತಿ ಬೇರೆ ಆಗಬೇಕು, ನಿಧಾನ ಆಗಬೇಕು."

ಗದ್ದಲದಲ್ಲಿ ಟೀಚರ ದನಿಯನ್ನು ಆರಿಸಿಕೊಳ್ಳುವುದೂ ಇವಳಿಗೆ ಕಷ್ಟ, ಇಂಥ ಮಕ್ಕಳೆಲ್ಲರಿಗೂ ಹೀಗಿರುವುದಿಲ್ಲ, ಇವಳಿಗೆ ಇದೆ ಎಂದರು. ಕ್ಲಾಸಿನಲ್ಲಿ ಅವಳು ಕೂರುವುದು ರಸ್ತೆ ಕಡೆಯ ಕಿಟಕಿ ಪಕ್ಕ, ಅಲ್ಲಿ ಬಸ್ಸುಗಳ ಹಾರನ್ ಕೇಳಿದರೆ ನನ್ನ ಎದೆಯೇ ಹಾರುತ್ತದೆ. ಮುಂದಿನ ಬೆಂಚಿನಲ್ಲಿ ಕೂರಿಸಲು ಟೀಚರಿಗೆ ತಾವೇ ಹೇಳುವುದಾಗಿ ಅಂದರು.

"ಮತ್ತೆ ಈ ಕನ್ನಡಕ?" ಸೊಸೆ ಮೆಲ್ಲಗೆ ಕೇಳಿದಳು.

"ಹಾಕ್ಕೊಳ್ಳಲಿ, ಮುದ್ದಾಗಿ ಕಾಣ್ತಾಳೆ. ಓದಿಗೆ ಅದರಿಂದ ಏನೂ ಆಗಲ್ಲ."

ನನಗೆ ಬೇಕಾದ ಪ್ರಶ್ನೆಯನ್ನು ನಾನು ಕೇಳಿಯೇಬಿಟ್ಟೆ. "ಮನೆಯಲ್ಲಿ ನಾವು ಕನ್ನಡ ಆಡೋರು ಮೇಡಂ. ಅದರಿಂದಲೇ ಹೀಗಾಯಿತಂತೆ. ನಿಲ್ಲಿಸಿದ್ದೇವೆ."

"ಯಾಕೆ ನಿಲ್ಲಿಸಿದ್ರಿ?" ಅವರು ಪೆನ್ನು ಕೆಳಗಿಟ್ಟರು. "ಅದರಿಂದ ಇದು ಬರೋದೇ ಇಲ್ಲ. ಮಾತಾಡಿ, ಕಥೆ ಹೇಳಿ. ಸದ್ದಿನ ಆಟ ಎರಡು ಭಾಷೆಯಲ್ಲೂ ಆಡಿಸಿ." ಹುಡುಗಿಯ ಕಡೆ ತಿರುಗಿ, "ನಿಂಗೆ ಕನ್ನಡದಲ್ಲಿ ಕಥೆ ಬರುತ್ತಾ?" ಎಂದರು.

"ನಾಯಿ ಕಥೆ ಬರುತ್ತೆ" ಎಂದಳು ಹುಡುಗಿ. ಎದ್ದು ನಿಂತು, ಗುಲಾಬಿ ಕನ್ನಡಕ ಸರಿಮಾಡಿಕೊಂಡು, ನರಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಕನ್ನಡದಲ್ಲಿ ಹರಿಯಬಿಟ್ಟಳು, ನಾನು ಕೆಮ್ಮುವ ಜಾಗದಲ್ಲಿ ಕೆಮ್ಮು ಸಮೇತ. ಶಿಕ್ಷಕಿಗೆ ಒಂದಕ್ಷರ ತಿಳಿಯದಿದ್ದರೂ ನಕ್ಕರು. ಸೊಸೆ ನನ್ನನ್ನೇ ನೋಡುತ್ತಿದ್ದಳು. ನಾನು ಹೊಸ ಕನ್ನಡಕ ತೆಗೆದು ಒರೆಸಿಕೊಂಡೆ. ಅದರಲ್ಲಿ ಕೊಳೆ ಏನೂ ಇರಲಿಲ್ಲ.

ಅಂದಿನಿಂದ ಮನೆಗೆ ಬಾಯಿ ಮರಳಿ ಬಂತು. ಆದರೆ ದಿಂಡಿಗಲ್ಲಿನ ಮಾತು ಹಾಗೇ ಉಳಿದಿತ್ತು. ಬೀಗರು ಆಗಲೇ ಅಲ್ಲಿ ಸ್ಕೂಲು ನೋಡಿಟ್ಟಿದ್ದರು. ರಜೆಯಲ್ಲಿ ಬಂದು ನೋಡೋಣ ಎಂದು ಸೊಸೆ ಅವರಿಗೆ ಒಪ್ಪಿಕೊಂಡಿದ್ದಳು.

ಶಿಕ್ಷಕಿ ಹೇಳಿದಂತೆ ದಿನವೂ ಸ್ವಲ್ಪ ಹೊತ್ತು ಕೂರುತ್ತಿದ್ದೆವು. ಕೈಗೆ ಅಂಟುವುದು ಹುಡುಗಿಗೆ ಆಗದು, ದ್ರಾಕ್ಷಿ ರಸ ತಾಗಿದರೂ ಕೂಗಾಡುತ್ತಾಳೆ. ಆದ್ದರಿಂದ ತೋಟದ ಒಣ ಮಣ್ಣನ್ನು ಜರಡಿ ಹಿಡಿದು ತಟ್ಟೆಯಲ್ಲಿ ಹರಡಿ, ಬೆರಳಿನಿಂದ ಅಕ್ಷರ ಬರೆಯುತ್ತ ಅದರ ಸದ್ದು ಹೇಳುವುದು. ರಟ್ಟಿನಲ್ಲಿ ಸಣ್ಣ ಕಿಟಕಿ ಕೊರೆದು, ಪುಸ್ತಕದ ಮೇಲಿಟ್ಟು, ಒಂದೊಂದೇ ಮಾತನ್ನು ನೋಡುವುದು. ದ್ರಾಕ್ಷಿ ಗೊಂಚಲಿನಲ್ಲಿ ಒತ್ತಿಕೊಂಡ ಕಾಯಿಗಳನ್ನು ಕತ್ತರಿಯಲ್ಲಿ ಬಿಡಿಸಿದ ಹಾಗೆ ಎಂದುಕೊಂಡೆ ನಾನು, ಪಕ್ಕದವು ತಳ್ಳದಿದ್ದರೆ ಒಂದೊಂದೂ ತುಂಬಿಕೊಳ್ಳುತ್ತದೆ. ಕೆಲವು ದಿನ ತಟ್ಟೆ ಹಾರಿಹೋಗುತ್ತಿತ್ತು, ಮಣ್ಣು ನಾಯಿಯ ಮೇಲೆ. "ಇವತ್ತು ಅದು ಓದ್ಲಿ" ಎಂದು ಕಾಲು ಚಾಚಿ ಮಲಗುತ್ತಿದ್ದಳು.

ಬೇಸಿಗೆ ರಜೆ ಬಂತು. ದಿಂಡಿಗಲ್ಲಿಗೆ ಹೊರಟೆವು, ಅದೇ ಮೂರು ಜನ. ಬಟ್ಟೆಯ ಚೀಲ ಸ್ವಲ್ಪ ದೊಡ್ಡದೇ ಇತ್ತು. ಅದನ್ನು ನಾನು ನೋಡಿಯೂ ನೋಡದವನಂತೆ ಮೇಲೆ ಇಟ್ಟೆ. ಕಿಟಕಿ ಪಕ್ಕ ಕೂತು, ಮೊಣಕೈ ಹೊರಗಿಟ್ಟುಕೊಂಡು, ಗಾಳಿಗೆ ಮುಖವೊಡ್ಡಿದ್ದೆ. ಹುಡುಗಿ ನಡುವೆ. ಬತ್ತಲಗುಂಡು ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಪಕ್ಕದಿಂದ ಮೆಲ್ಲಗೆ ಏನೋ ಕೇಳಿಸಿತು.

"ಕ... ಕರಂ. ಸಿ... ಸಿರಂ. ಪುರಂ. ನೀ... ನೀಟ್ಟಾ... ದೀರ್."

ಬಸ್ಸಿನೊಳಗೆ ಕಿಟಕಿಯ ಮೇಲೆ ಬರೆದಿರುತ್ತಾರಲ್ಲ, ಕೈ ತಲೆ ಹೊರಗೆ ಚಾಚಬೇಡಿ ಎಂದು, ದೊಡ್ಡ ತಮಿಳಿನಲ್ಲಿ. ಅದು.

"ತಾತ, ಸಿರಂ ಅಂದ್ರೇನು?"

"ತಲೆ ಅಮ್ಮಾಡಿ."

"ಕರಂ?"

"ಕೈ."

ಒಂದು ಗಳಿಗೆ ಯೋಚಿಸಿದಳು. "ಹಂಗಾದ್ರೆ ನಿನ್ನ ಕೈ ಒಳಕ್ಕೆ ಹಾಕು ತಾತ! ಬರ್ದವ್ರೆ, ಕಾಣಾಕಿಲ್ವಾ? ಕನ್ನಡಕ ಬೇರೆ ಹಾಕ್ಕೊಂಡಿದ್ದೀಯ!"

ಮುಂದಿನ ಸೀಟಿನವರು ತಿರುಗಿ ನಕ್ಕರು. ನಾನು ಕೈಯನ್ನು ಬೆಂಕಿ ತಾಗಿದ ಹಾಗೆ ಎಳೆದುಕೊಂಡೆ. ಸೊಸೆ ಮಾತ್ರ ಹುಬ್ಬು ಗಂಟಿಕ್ಕಿದಳು. ಆನೆಯ ಪಾಠದಲ್ಲಿ ಒಮ್ಮೆ ಮೋಸಹೋದವಳು. "ಇದು ಎಲ್ಲಾ ಬಸ್ಸಿನಲ್ಲೂ ಇರ್ತದೆ ಮಾಮ. ಯಾರೋ ಹೇಳಿರ್ತಾರೆ, ಬಾಯಿಪಾಠ" ಎಂದು, ಕಿಟಕಿಯಾಚೆಯ ಅಂಗಡಿ ಬೋರ್ಡೊಂದನ್ನು ತೋರಿಸಿದಳು. "ಅದನ್ನ ಓದು."

ಹುಡುಗಿ ಬೆರಳೆತ್ತಿದಳು. "ಮರ... ಮರಕ್ಕಡೈ." ಮರದ ಅಂಗಡಿ. ಸೊಸೆಯ ಮುಖ ಇಳಿಯಿತು. ಅಲ್ಲಿ ಬರೆದಿದ್ದದ್ದು ಅದಲ್ಲ. ಮೊದಲ ಅಕ್ಷರ ಹಿಡಿದು ಊಹಿಸಿದ್ದಳು, ಹಳೆಯ ಹಾಗೆಯೇ.

"ಇಲ್ಲ ಇಲ್ಲ, ಇರು." ಬೆರಳು ಹಿಂದಕ್ಕೆ ಹೋಯಿತು. "ಮರ... ಚ್... ಚೆ... ಚೆಕ್... ಕು. ಮರಚ್ಚೆಕ್ಕು. ಎಣ್... ಣೈ. ಮರಚ್ಚೆಕ್ಕು ಎಣ್ಣೈ!" ಮರದ ಗಾಣದ ಎಣ್ಣೆ.

ಬಾಯಿಪಾಠ ಮಾಡಿದವರು ತಪ್ಪಿದರೆ ಹಿಂದಕ್ಕೆ ಹೋಗಿ ನೋಡುವುದಿಲ್ಲ. ಇವಳು ಹೋಗಿ ನೋಡಿದಳು. ಆ ತಪ್ಪು ನನಗೆ ಎಷ್ಟು ಚೆಂದ ಕಂಡಿತು ಎಂದರೆ, ಇಳಿದು ಹೋಗಿ ಆ ಬೋರ್ಡಿಗೆ ಹೂವಿನ ಹಾರ ಹಾಕಬೇಕು ಅನ್ನಿಸಿತು. ಸೊಸೆ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು, "ಓದ್ಬಿಟ್ಟಳು ಮಾಮ" ಅಂದಳು. ಮತ್ತೊಮ್ಮೆ ಅಂದಳು. ಬಸ್ಸು ಹೊರಟರೂ ಅದನ್ನೇ ಅನ್ನುತ್ತಿದ್ದಳು.

ದಿಂಡಿಗಲ್ಲಿನಲ್ಲಿ ಕಾಲು ತೊಳೆದು ಕೂತಿದ್ದೆವಷ್ಟೇ. ಬೀಗತಿ ಕಾಫಿ ಕೊಡುತ್ತ ತಮಿಳಿನಲ್ಲಿ, "ನಾಳೆಯೇ ಸ್ಕೂಲಿಗೆ ಹೋಗಿ ಸೇರಿಸಿ ಬರೋಣವಾ?" ಎಂದರು. ನಾನು ಲೋಟದೊಳಗೆ ನೋಡುತ್ತ ಕೂತೆ.

ಸೊಸೆ ತನ್ನ ತಾಯಿಗೆ ಕನ್ನಡದಲ್ಲಿ ಉತ್ತರ ಕೊಟ್ಟಳು. "ಇಲ್ಲವ್ವ. ಇವಳು ಅಲ್ಲೇ ಇರ್ಲಿ. ಇವಳು ಇಲ್ಲಿಗೆ ಬಂದ್ರೆ ನಾಯಿ ಜೊತೆ ಕೂತು ಕತೆ ಕೇಳೋರು ಯಾರು?"

ಬೀಗತಿಗೆ ತಲೆಬುಡ ತಿಳಿಯಲಿಲ್ಲ. ಯಾವ ನಾಯಿ, ಯಾವ ಕಥೆ ಎಂದು ಕೇಳುತ್ತಲೇ ಇದ್ದರು. ನಾನು ಹೇಳಲು ಶುರು ಮಾಡಿದೆ, ಮೊದಲಿಂದ.

ವಾಪಸು ಬರುವಾಗ ಕಿಟಕಿಯ ಪಕ್ಕ ಅವಳನ್ನೇ ಕೂರಿಸಿದೆ. ಒಂದು ಬೋರ್ಡನ್ನೂ ಬಿಡಬಾರದೆಂದು ಹಟ. ಆದರೆ ಅವಳು ಅರ್ಧ ಓದುವಷ್ಟರಲ್ಲಿ ಬಸ್ಸು ಮುಂದಕ್ಕೆ ಹೋಗಿರುತ್ತಿತ್ತು.

"ತಾತ, ಮೆಲ್ಲಗೆ ಓಡ್ಸಾಕೆ ಡ್ರೈವರ್ ತಾವ ಹೇಳು."

ಎದ್ದು ಹೋಗಿ ಹೇಳಿಯೂ ಬಂದೆ.