ಒಡೆಯದೆ ಪಕ್ಕಕ್ಕಿಟ್ಟದ್ದು

ನನ್ನ ಕಿವಿಯ ಬಗ್ಗೆ ನನಗೆ ಭಾರಿ ಜಂಬವಿತ್ತು. ಉಂಡೆ ಕೊಬ್ಬರಿಯನ್ನು ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಒಳಗೆ ಕೊಳೆತಿದೆಯೋ ಇಲ್ಲವೋ ಹೇಳುತ್ತಿದ್ದೆ. ಕಲಿಯುವಾಗ ಅಪ್ಪ ಒಡೆದು ತೋರಿಸಿದ್ದರು: ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಹತ್ತಕ್ಕೆ ಒಂಬತ್ತು ಸಲ ನನ್ನ ಮಾತು ಸರಿ. ಆಮೇಲೆ ಒಡೆದು ನೋಡಿದವರಿಲ್ಲ. ನಮ್ಮ ತಿಪಟೂರು ಸೀಮೆಯಲ್ಲಿ ಉಂಡೆ ಒಡೆದರೆ ಬೆಲೆ ಹೋಯಿತು. ಕೆಟ್ಟಿದೆ ಅನ್ನಿಸಿದ್ದನ್ನು ಪಕ್ಕಕ್ಕೆಸೆದು, ಹಾಗೇ ಎಣ್ಣೆ ಗಾಣಕ್ಕೆ ಹಾಕುತ್ತಿದ್ದೆ.

ಹೆಂಡತಿ ಬಸುರಿಯಾಗಿದ್ದಾಗ ರಕ್ತಪರೀಕ್ಷೆ ಮಗುವಿಗೆ ತೊಂದರೆ ಇದೆ ಎಂದಿತು. ಇನ್ನೊಂದು ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಿ ಎಂದರು ಡಾಕ್ಟರು. ಮೊದಲನೆಯದು ಎಷ್ಟು ಸಲ ಸರಿಯಿರುತ್ತದೆ ಎಂದು ಕೇಳಿದೆ. ಹತ್ತಕ್ಕೆ ಒಂಬತ್ತು ಎಂದರು. ಇನ್ನೇನು ಬೇಕು ಎಂದುಕೊಂಡೆ.

“ಇನ್ನೊಂದ್ಸಲ ನೋಡಿಸೋಣ ಕಣ್ರೀ,” ಅಂದಳು ಅವಳು.

“ಸುಮ್ನೆ ಆಸೆ ಇಟ್ಕೋಬ್ಯಾಡ ಕಣೇ, ಬುಡು,” ಅಂದೆ. ಬೇರೆ ಊರಿಗೆ ಕರೆದುಕೊಂಡು ಹೋಗಿ ಬಸುರು ತೆಗೆಸಿಬಿಟ್ಟೆ.

ಎಂಟು ವರ್ಷವಾದ ಮೇಲೆ, ಈ ಸಲ ಶ್ರಾವಣದಲ್ಲಿ, ಮಿಠಾಯಿಗೆಂದು ಅವಳು, ಮಾರುವ ಉಂಡೆ ಒಡೆಯುವುದೇಕೆಂದು, ನಾನು ಪಕ್ಕಕ್ಕೆಸೆದ ರಾಶಿಯಿಂದ ಒಂದು ಉಂಡೆ ಒಡೆದಳು. ಬೆಳ್ಳಗಿತ್ತು. ಇನ್ನೊಂದೂ ಬೆಳ್ಳಗೆ. ಅದೃಷ್ಟ ಅಂದೆ.

“ಹಂಗಾದ್ರೆ ಎಲ್ಲಾನೂ ಒಡ್ದೇ ನೋಡ್ಬುಡಿ,” ಎಂದು ಮಚ್ಚು ಕೈಗೆ ಕೊಟ್ಟಳು. ನಲವತ್ತು ಉಂಡೆ ಒಡೆದೆ. ಕೊಳೆತಿದ್ದವು ನಾಲ್ಕೇ ನಾಲ್ಕು.

ರೇಗಿಹೋಯಿತು. ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ ಲೆಕ್ಕ ಹಾಕಿದೆ. ಸಾವಿರ ಉಂಡೆಯಲ್ಲಿ ಕೆಟ್ಟವು ಹತ್ತು ಎಂದಿಟ್ಟುಕೊಂಡರೆ ಒಂಬತ್ತನ್ನು ನನ್ನ ಕಿವಿ ಹಿಡಿಯುತ್ತದೆ. ಉಳಿದ ಒಂಬೈನೂರ ತೊಂಬತ್ತು ಒಳ್ಳೆಯವು. ಅವುಗಳಲ್ಲಿ ಹತ್ತಕ್ಕೊಂದರಂತೆ ತಪ್ಪಿದರೂ ತೊಂಬತ್ತೊಂಬತ್ತು ಪಕ್ಕಕ್ಕೆ ಬೀಳುತ್ತವೆ. ಅಲ್ಲಿಗೆ ರಾಶಿ ನೂರೆಂಟು, ಕೆಟ್ಟವು ಒಂಬತ್ತೇ. ಕಿವಿಯೇನೂ ಮೋಸ ಮಾಡಿರಲಿಲ್ಲ. ಕೆಟ್ಟವೇ ಅಷ್ಟು ಅಪರೂಪ.

ಕೈ ನಿಂತುಹೋಯಿತು. ಮಗುವಿಗೆ ಇದೆ ಎಂದಿದ್ದ ಆ ತೊಂದರೆ ಸಾವಿರಕ್ಕೆ ಒಂದೋ ಎರಡೋ ಮಗುವಿಗೆ ಬರುವಂಥದ್ದು ಎಂದು ಡಾಕ್ಟರು ಅವತ್ತೇ ಹೇಳಿದ್ದರು; ಕೆಟ್ಟ ಉಂಡೆಗಿಂತಲೂ ಅಪರೂಪ.

ಅವತ್ತಿನಿಂದ ಉಂಡೆ ತಟ್ಟಿದಾಗೆಲ್ಲ ಒಳಗಿನಿಂದ ಯಾರೋ ತಿರುಗಿ ತಟ್ಟಿದಂತಾಗುತ್ತದೆ. ಹೆದರಿಕೆಯಾಗುತ್ತದೆ. ಬೀದಿಯಲ್ಲಿ ಎಂಟು ವರ್ಷದ ಮಕ್ಕಳು ಕಂಡರೆ ಮುಖ ತಿರುಗಿಸುತ್ತೇನೆ.

ಮೂರು ದಿನವಾದ ಮೇಲೆ ತಡೆಯಲಾರದೆ ಅವಳನ್ನು ಗೋಡೆಯ ಮುಂದೆ ನಿಲ್ಲಿಸಿ, ಒಂದೊಂದೇ ಅಂಕಿ ತೋರಿಸಿ, “ನಮ್ ಮಗು ಚೆನ್ನಾಗೇ ಇತ್ತೇನೋ ಕಣೇ,” ಅಂದೆ.

ಅವಳು ಗೋಡೆಯ ಕಡೆ ನೋಡಲೇ ಇಲ್ಲ.

“ಚೆನ್ನಾಗಿಲ್ದಿದ್ರೂ ನಮ್ದೇ ಅಲ್ವೇನ್ರೀ,” ಅಂದಳು.