ರುಚಿ ನೋಡಿದ್ದು ಊಟವಲ್ಲವೇ?

ಇದು ೧೯೭೪ರ ಮಾತು. ವಡಾಲ ಸ್ಟೇಷನ್ ಹತ್ತಿರ ನಮ್ಮ ಇಡ್ಲಿ-ದೋಸೆಯ ಹೋಟೆಲ್ ಚೆನ್ನಾಗಿ ನಡೆಯುತ್ತಿತ್ತು. ಉಡುಪಿ ಕಡೆಯಿಂದ ಕಪ್ಪು-ಬಸಿ ತೊಳೆಯಲು ಬಂದ ನಾನು ಮಾಲೀಕನಾಗುವಷ್ಟರಲ್ಲಿ ತೊಂಬತ್ತಾರು ಕಿಲೊ ಆಗಿದ್ದೆ. ಒಂದು ಬೆಳಿಗ್ಗೆ ತರಕಾರಿ ಕೊಂಡು ಬರುವಾಗ ಸ್ಟೇಷನ್ ಸೇತುವೆಯ ಮೇಲೆ ಎದೆ ಹಿಡಿದಂತಾಗಿ ಕುಳಿತುಬಿಟ್ಟೆ. ಹೆಂಡತಿ ಗಿರಿಜಾ ನನ್ನನ್ನು ಮಾಟುಂಗದಲ್ಲಿದ್ದ ನಮ್ಮೂರ ಕಡೆಯ ಡಾಕ್ಟರ ಬಳಿ ಎಳೆದೊಯ್ದಳು.

ಅವರು ಬ್ಲಡ್ ಪ್ರೆಶರ್ ನೋಡಿ ಹುಬ್ಬು ಗಂಟಿಕ್ಕಿದರು. “ಶೆಟ್ರೇ, ಹದಿನೈದು ಕಿಲೊ ಇಳಿಸ್ಬೇಕು. ಇಲ್ಲದಿದ್ರೆ ಈ ಹೃದಯ ಹೆಚ್ಚು ದಿನ ತಾಳುವುದಿಲ್ಲ.”

ಹೇಳಿದ ದರಕ್ಕೆ ಒಪ್ಪಿ ನನಗೆ ಅಭ್ಯಾಸವಿಲ್ಲ. “ಹದಿನೈದು ಜಾಸ್ತಿಯಾಯ್ತು ಡಾಕ್ಟ್ರೇ. ಏಳು ಮಾಡಿ” ಎಂದೆ.

“ಇದೆಂತ ಬಟಾಟೆಯಾ ಮಾರಾಯ್ರೆ, ಚೌಕಾಸಿ ಮಾಡ್ಲಿಕ್ಕೆ?”

ಆದರೂ ಬಿಡಲಿಲ್ಲ. ಹತ್ತಕ್ಕೆ ಇಳಿಸಿ, ಗೆದ್ದ ಖುಷಿಯಲ್ಲಿ ಮನೆಗೆ ಬಂದೆ.

ಒಂದು ತಿಂಗಳು ಪಥ್ಯ ಬಿಗಿಯಾಗಿ ಮಾಡಿದೆ. ಮಧ್ಯಾಹ್ನ ಎರಡು ಚಪಾತಿ, ಪಲ್ಯ, ಮಜ್ಜಿಗೆ. ರಾತ್ರಿ ಬರೀ ಗಂಜಿ. ದಿನವೂ ಅರ್ಧ ಗಂಟೆ ನಡೆದೆ. ತಿಂಗಳ ಕೊನೆಗೆ ತೂಕ ನೋಡಿದರೆ ತೊಂಬತ್ತೇಳು.

“ನಿಮ್ಮ ತೂಕದ ಕಾಟಾ ಸರಿಯಿಲ್ಲ” ಎಂದು ಡಾಕ್ಟರ ಜೊತೆ ಜಗಳಕ್ಕೇ ನಿಂತೆ. ಅವರು ತಾವೇ ಅದರ ಮೇಲೆ ಹತ್ತಿ ನಿಂತು ತೋರಿಸಿದರು. ಆಮೇಲೆ ಕೇಳಿದರು, “ಹೋಟೆಲಿನಲ್ಲಿ ಎಂತ ತಿಂತೀರಿ?”

“ಏನೂ ಇಲ್ಲ, ದೇವರಾಣೆ.” ಅದು ಸುಳ್ಳಲ್ಲವೆಂದೇ ನಂಬಿದ್ದೆ.

ಗಿರಿಜಾ ಮೆಲ್ಲಗೆ ಹೇಳಿದಳು, “ಇವರು ತಿನ್ನುವುದಿಲ್ಲ ಡಾಕ್ಟ್ರೇ. ರುಚಿ ನೋಡ್ತಾರೆ, ಅಷ್ಟೇ.”

“ಎಷ್ಟು ರುಚಿ?”

ನಾನೇ ವಿವರಿಸಿದೆ, ಸ್ವಲ್ಪ ಹೆಮ್ಮೆಯಿಂದಲೇ. ಬರೀ ಸಾಂಬಾರಿನ ರುಚಿ ತಿಳಿಯುವುದಿಲ್ಲ, ಜೊತೆಗೆ ಎರಡು ಇಡ್ಲಿ ಬೇಕು. ಚಟ್ನಿಗೆ ಒಂದು ದೋಸೆ. ವಡೆ ನಡುವೆ ಬೆಂದಿದೆಯೋ ಎಂದು ನೋಡಲು ಇಡೀ ವಡೆಯನ್ನೇ ತಿನ್ನಬೇಕು. ಶಿರಾಕ್ಕೆ ತುಪ್ಪ ಸಾಕಾಗಿದೆಯೋ ಎಂದು ಒಂದು ಬಸಿ. ಸಂಜೆ ಹೊಸ ಹಿಟ್ಟು, ಹೊಸ ಸಾಂಬಾರ್, ಮತ್ತೆ ಮೊದಲಿನಿಂದ. ಬರೆದುಕೊಳ್ಳುತ್ತಿದ್ದ ಡಾಕ್ಟರು ಚೀಟಿಯನ್ನು ಹಿಂಬದಿಗೆ ತಿರುಗಿಸಿದರು.

“ಇಷ್ಟರಲ್ಲಿ ಒಂದು ಮದುವೆ ದಿಬ್ಬಣದ ತಿಂಡಿ ಮುಗೀತದೆ, ಶೆಟ್ರೇ.”

“ನಾನು ರುಚಿ ನೋಡದಿದ್ರೆ ಹೋಟೆಲ್ ಮುಳುಗ್ತದೆ.”

“ನೋಡಿದ್ರೆ ನೀವು ಮುಳುಗ್ತೀರಿ.”

ನಾನು ನಕ್ಕೆ. ಗಿರಿಜಾ ನಗಲಿಲ್ಲ. “ಹೋಟೆಲ್ ಬೇರೆ ಮಾಡ್ಬಹುದು” ಎಂದಳು, ಮುಖ ಆಚೆ ತಿರುಗಿಸಿ. ಆ ಮಾತಿಗೆ ಚೌಕಾಸಿ ಮಾಡದೆ ಒಪ್ಪಿದೆ.

ಮರುದಿನವೇ ರುಚಿ ನೋಡುವ ಕೆಲಸವನ್ನು ಅಡುಗೆ ಭಟ್ಟರಿಗೆ ಒಪ್ಪಿಸಿ, ಗಲ್ಲಾದ ಮೇಲೆ ಕುಳಿತು ಗಿರಾಕಿಗಳ ಮುಖ ನೋಡುತ್ತಿದ್ದೆ. ದೂರು ಬಂದೇ ಬರುತ್ತದೆ ಎಂದು ಕಾದೆ. ಎರಡು ವಾರ ಯಾರೂ ಏನೂ ಅನ್ನಲಿಲ್ಲ. ಮೂರನೇ ವಾರ, ಆಂಟಾಪ್ ಹಿಲ್‌ನಿಂದ ದಿನಾ ಬರುತ್ತಿದ್ದ ಧಾರವಾಡ ಕಡೆಯ, ಗಾರೆ ಕೆಲಸದ ಗೌಂಡಿಯೊಬ್ಬ ಕೈ ಒರೆಸಿಕೊಳ್ಳುತ್ತ ಬಂದು ನಿಂತ.

“ಶೆಟ್ರ, ಅಡಿಗಿಯವ್ರನ್ನ ಬದ್ಲಿ ಮಾಡೀರೇನ್ರಿ? ಸಾಂಬಾರ ಈಗ ಭಾಳ ಛಲೋ ಆಗೇತ್ರಿ. ಮೊದ್ಲ ಉಪ್ಪು ಜರಾ ಜಾಸ್ತಿ ಇರ್ತಿತ್ತು.”

ಒಳಗೆ ಭಟ್ಟರು ಕೆಮ್ಮಿದ್ದು ಕೇಳಿಸಿತು.

ಓದುಗರಿಗೆ ನನ್ನದೊಂದು ಸಲಹೆ. ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಆಫೀಸಿನಲ್ಲಿ ಯಾರೋ ಹಂಚಿದ ಪೇಡೆ, ಒಗ್ಗರಣೆ ಹಾಕುವಾಗ ಬಾಯಿಗೆ ಬಿದ್ದ ಕಡಲೆಬೀಜ, ಎಲ್ಲವನ್ನೂ ಒಂದು ವಾರ ಬರೆದಿಡಿ. ಆಮೇಲೆ ಕಾಟಾವನ್ನು ಬಯ್ಯಿರಿ.

ಎಂಟು ತಿಂಗಳಲ್ಲಿ ಹನ್ನೆರಡು ಕಿಲೊ ಇಳಿದೆ, ಪ್ರೆಶರೂ ಹತೋಟಿಗೆ ಬಂತು. ಅಷ್ಟೆಲ್ಲ ತಿಂದು ಅರಗಿಸಿಕೊಂಡವನಿಗೆ ಆ ಗೌಂಡಿಯ ಮಾತು ಮಾತ್ರ ಇವತ್ತಿಗೂ ಜೀರ್ಣವಾಗಿಲ್ಲ.